ಮಿಲ್ಟ್ರಿಯಿಂದ ಮರಳಿದವರ ಮನಸ್ಸಿನ ಆರೋಗ್ಯ

ಎರಡು ವರ್ಷದ ಹಿಂದಿನ ದೀಪಾವಳಿಯ ಮಾತು. ಬಲಿಪಾಡ್ಯಮಿಯ ಬೆಳಿಗ್ಗೆ ನಾನಿನ್ನೂ ದವಾಖಾನೆಯ ಬಾಗಿಲು ತೆಗೆದಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಒಂಬತ್ತು ಹತ್ತು ವರ್ಷದ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಾಯುತ್ತಿದ್ದರು. ಹುಡುಗನ ಮೊಣಕೈ ಬಾತಿತ್ತು. ಪಟಾಕಿ ಹಾರಿಸುವಾಗ ಬಿದ್ದನೇನು ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದರು.

"ಇಲ್ರಿ ಸಾಹೇಬ್ರ, ಅವರಪ್ಪನೇ ಕೆಡವ್ಯಾರ್ರಿ. ಓಣ್ಯಾಗ ದೊಡ್ಡ ಪಟಾಕಿ ಸಿಡೀತು. ಇವನ್ನ ಎಳಕೊಂಡು ನೆಲಕ್ಕ ಕೆಡವಿ, ಅವನ ಮ್ಯಾಲ ಮಕ್ಕೊಂಡುಬಿಟ್ಟರು. ಆಮ್ಯಾಲ ಎದ್ದು ಮಾಳಗಿ ಹತ್ತಿ ಕುಂತೋರು ಬೆಳತನ ಇಳದಿಲ್ರಿ. ನನಗೊಂದೂ ತಿಳಿವಲ್ದು."

ಹುಡುಗನ ಕೈ ಮುರಿದಿರಲಿಲ್ಲ. ಪಟ್ಟಿ ಕಟ್ಟಿ ಕಳಿಸಿದೆ. ಆದರೆ ಆಕೆಯ ಗಂಡನ ಹೆಸರು ಕೇಳಿದಾಗ ನನಗೆ ನಾಚಿಕೆಯಾಯಿತು. ಆತ ನನಗೆ ಹೊಸಬರಲ್ಲ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದವರು. ಒಂದೂವರೆ ವರ್ಷದಿಂದ ನನ್ನಲ್ಲಿಗೇ ಬರುತ್ತಿದ್ದರು. ಹೊಟ್ಟೆ ಉರಿ, ತಲೆನೋವು, ಸ್ವಲ್ಪ ಬಿ.ಪಿ., ರಾತ್ರಿ ನಿದ್ದೆಯಿಲ್ಲ ಎನ್ನುತ್ತಿದ್ದರು. ನಾನು ಬಿ.ಪಿ. ನೋಡಿದೆ, ಸಕ್ಕರೆ ಪರೀಕ್ಷೆ ಮಾಡಿಸಿದೆ, ಇ.ಸಿ.ಜಿ. ತೆಗೆಸಿದೆ, ನಿದ್ದೆಗೆ ಮಾತ್ರೆ ಬರೆದುಕೊಟ್ಟೆ. "ನಿದ್ದೆ ಯಾಕೆ ಬರುವುದಿಲ್ಲ?" ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ನಾನು ಬರೆದುಕೊಟ್ಟ ಆ ಚೀಟಿಯನ್ನೇ ತೋರಿಸಿ ಅವರು ತಿಂಗಳುಗಟ್ಟಲೆ ಮಾತ್ರೆ ಕೊಂಡು ನುಂಗುತ್ತಿದ್ದರೆಂಬುದು ನನಗೆ ಆ ದಿನ ತಿಳಿಯಿತು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಈ ವಾರ ಈ ವಿಷಯ ಬರೆಯುತ್ತಿದ್ದೇನೆ. ನಮ್ಮ ರಂಗಂಪೇಟೆ, ಸುರಪುರ, ಶಹಾಪುರದ ಕಡೆಯ ಹಳ್ಳಿಗಳಿಂದ ಸೈನ್ಯಕ್ಕೆ, ಗಡಿ ಭದ್ರತಾ ಪಡೆಗೆ, ಕೇಂದ್ರ ಮೀಸಲು ಪಡೆಗೆ ಹೋದ ಹುಡುಗರಿದ್ದಾರೆ. ನಿವೃತ್ತರಾಗಿ ಬಂದವರೂ ಇದ್ದಾರೆ. ಅವರು ಊರಿಗೆ ಬಂದ ದಿನ ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ. ಮರುದಿನದಿಂದ ಅವರು ಹೇಗೆ ಮಲಗುತ್ತಾರೆಂದು ಯಾರೂ ವಿಚಾರಿಸುವುದಿಲ್ಲ. ವೈದ್ಯನಾದ ನಾನೇ ವಿಚಾರಿಸಲಿಲ್ಲವೆಂದ ಮೇಲೆ ಬೇರೆಯವರನ್ನು ದೂರುವುದು ಸರಿಯಲ್ಲ.

ಹಳೆಯ ಕಾಯಿಲೆ, ಹೊಸ ಹೆಸರು

ಯುದ್ಧದಿಂದ ಮರಳಿದವರ ಮನಸ್ಸು ನೋಯುತ್ತದೆ ಎಂಬುದು ಇಂದಿನ ಸಂಶೋಧನೆಯಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಪರೀಕ್ಷಿಸಿದ ಡಾ. ಡಾಕೋಸ್ಟಾ ಎಂಬ ವೈದ್ಯರು 1871ರಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದರು. ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಸುಸ್ತು ಇವೆಲ್ಲ ಇದ್ದರೂ ಹೃದಯದಲ್ಲಿ ರೋಗವಿರುತ್ತಿರಲಿಲ್ಲ. ಇದಕ್ಕೆ 'ಸೈನಿಕನ ಹೃದಯ' ಎಂಬ ಹೆಸರೇ ಬಂತು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ 'ಶೆಲ್ ಶಾಕ್' ಎಂಬ ಪದ ಬಳಸಿದರು. ಫಿರಂಗಿ ಗುಂಡುಗಳ ಸದ್ದಿನಲ್ಲಿ ತಿಂಗಳುಗಟ್ಟಲೆ ಕಳೆದ ಸೈನಿಕರು ನಡುಗುತ್ತಿದ್ದರು. ಕೆಲವರಿಗೆ ಮಾತು ನಿಂತುಹೋಗುತ್ತಿತ್ತು. ಮೈಮೇಲೆ ಗಾಯವಿಲ್ಲದೆಯೂ ನಡೆಯಲಾಗದೆ ಬಿದ್ದಿರುತ್ತಿದ್ದರು.

ಆ ಕಾಲದಲ್ಲಿ ಇದನ್ನು ಹೇಡಿತನವೆಂದೇ ತಿಳಿದವರು ಬಹಳ. ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ತನ್ನದೇ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಹಲವರು ಈ ಕಾಯಿಲೆಗೆ ಸಿಕ್ಕವರಾಗಿದ್ದರೆಂದು ಆಮೇಲೆ ಒಪ್ಪಿಕೊಳ್ಳಲಾಯಿತು. 2006ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಮರಣೋತ್ತರ ಕ್ಷಮೆ ನೀಡಿತು. ತೊಂಬತ್ತು ವರ್ಷ ತಡವಾಗಿ ಬಂದ ಕ್ಷಮೆ!

ಆ ಯುದ್ಧಕ್ಕೆ ಭಾರತದಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋಗಿದ್ದರು. 1918ರ ಸೆಪ್ಟೆಂಬರ್‌ನಲ್ಲಿ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಸಾಹಸ ನಿಮಗೆ ಗೊತ್ತಿರಬಹುದು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಅಶ್ವಪಡೆಯವರ ನೆನಪಿಗೆ ನಿಂತವು. ಆಗ ನಮ್ಮ ಸುರಪುರ ಸೀಮೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಅದಕ್ಕೂ ಹಿಂದೆ, 1858ರಲ್ಲಿ, ರಾಜಾ ವೆಂಕಟಪ್ಪ ನಾಯಕರ ಕಾಲಕ್ಕೆ ಬ್ರಿಟಿಷರ ಎದುರು ನಿಂತ ನಾಡಿದು. ಯುದ್ಧದ ಕಥೆ ನಮಗೆ ಹೊಸದಲ್ಲ. ಆದರೆ ಗೆದ್ದವರ, ಸೋತವರ, ಮಡಿದವರ ಕಥೆ ಹೇಳುವ ನಾವು ಬದುಕಿ ಮನೆಗೆ ಬಂದವರ ರಾತ್ರಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಕಾಯಿಲೆಗೆ 'ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್' ಎಂಬ ಹೆಸರು ಕೊಟ್ಟು ರೋಗಗಳ ಪಟ್ಟಿಗೆ ಸೇರಿಸಿತು. ಚಿಕ್ಕದಾಗಿ ಪಿ.ಟಿ.ಎಸ್.ಡಿ. ಎನ್ನುತ್ತಾರೆ. ಕನ್ನಡದಲ್ಲಿ 'ಆಘಾತದ ನಂತರದ ಒತ್ತಡದ ಕಾಯಿಲೆ' ಎನ್ನಬಹುದು. ಸೈನಿಕರಿಗಷ್ಟೇ ಅಲ್ಲ, ಭೂಕಂಪ, ಅಪಘಾತ, ಅತ್ಯಾಚಾರ, ದರೋಡೆಗಳಿಗೆ ಸಿಕ್ಕಿ ಬದುಕುಳಿದವರಿಗೂ ಇದು ಬರಬಹುದು.

ಲಕ್ಷಣಗಳೇನು?

ಅಪಾಯ ಎದುರಾದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಮುಂತಾದ ರಸಗಳು ಉಕ್ಕಿ, ಎದೆಬಡಿತ ಹೆಚ್ಚಿ, ಮೈ ಬಿಗಿಯುತ್ತದೆ. ಓಡು ಇಲ್ಲವೆ ಹೋರಾಡು ಎಂದು ಮಿದುಳು ಆಜ್ಞೆ ಕೊಡುತ್ತದೆ. ಅಪಾಯ ಕಳೆದ ಮೇಲೆ ಈ ಎಚ್ಚರ ಇಳಿಯಬೇಕು. ಕೆಲವರಲ್ಲಿ ಅದು ಇಳಿಯುವುದೇ ಇಲ್ಲ. ಅಪಾಯ ಮುಗಿದಿದೆಯೆಂಬುದು ಬುದ್ಧಿಗೆ ಗೊತ್ತಿದ್ದರೂ ಮಿದುಳಿನ ಭಯದ ಕೇಂದ್ರಕ್ಕೆ ತಲುಪಿರುವುದಿಲ್ಲ. ಕಾವಲುಗಾರನಿಗೆ 'ನಿನ್ನ ಪಾಳಿ ಮುಗಿಯಿತು, ಮನೆಗೆ ಹೋಗು' ಎಂದು ಯಾರೂ ಹೇಳದಿದ್ದರೆ ಹೇಗೋ ಹಾಗೆ.

ಇದರ ಲಕ್ಷಣಗಳನ್ನು ನಾಲ್ಕು ಗುಂಪು ಮಾಡಬಹುದು.

ಒಂದು, ಆದದ್ದು ಮತ್ತೆ ಮತ್ತೆ ಕಣ್ಮುಂದೆ ಬರುವುದು. ಕೆಟ್ಟ ಕನಸು ಬೀಳುವುದು, ಬೆವತು ಚೀರಿ ಏಳುವುದು. ಒಂದು ಸದ್ದು, ಡೀಸೆಲ್ ವಾಸನೆ ಅಥವಾ ಸುಟ್ಟ ವಾಸನೆ ಬಂದರೆ ಸಾಕು, ಆ ಘಟನೆ ಈಗಲೇ ನಡೆಯುತ್ತಿದೆ ಎನ್ನಿಸುವುದು.

ಎರಡು, ನೆನಪು ತರುವ ಎಲ್ಲವನ್ನೂ ತಪ್ಪಿಸುವುದು. ಹಳೆಯ ಸಂಗಡಿಗರ ಫೋನ್ ಎತ್ತುವುದಿಲ್ಲ. ಟಿ.ವಿ.ಯಲ್ಲಿ ಗಡಿಯ ಸುದ್ದಿ ಬಂದರೆ ಎದ್ದು ಹೋಗುತ್ತಾರೆ. ಜಾತ್ರೆ, ಮದುವೆ, ಸಂತೆಗಳ ಗದ್ದಲಕ್ಕೆ ಬರುವುದಿಲ್ಲ.

ಮೂರು, ಮನಸ್ಸು ಮಂಕಾಗುವುದು. ಮಕ್ಕಳನ್ನು ಎತ್ತಿಕೊಂಡರೂ ಸಂತೋಷವಾಗುವುದಿಲ್ಲ. 'ಅವನು ಹೋದ, ನಾನು ಯಾಕೆ ಉಳಿದೆ?' ಎಂಬ ಅಪರಾಧಿ ಭಾವ ಕಾಡುತ್ತದೆ. ಯಾರ ಮೇಲೂ ನಂಬಿಕೆಯಿರುವುದಿಲ್ಲ.

ನಾಲ್ಕು, ಸದಾ ಎಚ್ಚರ. ನಿದ್ದೆ ಬರುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖಮಾಡಿಯೇ ಕೂರುತ್ತಾರೆ. ರಾತ್ರಿ ಎದ್ದೆದ್ದು ಅಗುಳಿ ನೋಡುತ್ತಾರೆ. ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರುತ್ತದೆ.

ಭಯಂಕರ ಘಟನೆಯಾದ ಮೊದಲ ಕೆಲವು ದಿನ, ವಾರಗಳಲ್ಲಿ ಇಂಥದು ಯಾರಿಗಾದರೂ ಆದೀತು. ಬಹಳಷ್ಟು ಜನರಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ. ಒಂದು ತಿಂಗಳು ಮೀರಿಯೂ ಮುಂದುವರಿದು, ಮನೆ, ಕೆಲಸ, ನೆಂಟಸ್ತನಗಳಿಗೆ ತೊಡಕಾದರೆ ಅದನ್ನು ಕಾಯಿಲೆಯೆಂದು ತಿಳಿಯಬೇಕು. ಕೆಲವರಲ್ಲಿ ಘಟನೆಯಾಗಿ ತಿಂಗಳುಗಳ ಅಥವಾ ವರ್ಷಗಳ ನಂತರ, ಅದರಲ್ಲೂ ನಿವೃತ್ತಿಯಾಗಿ ಕೈಗೆ ಕೆಲಸವಿಲ್ಲದಾಗ ಇದು ತಲೆಯೆತ್ತುತ್ತದೆ. 'ಸೈನ್ಯದಲ್ಲಿದ್ದಾಗ ಸರಿಯಿದ್ದ, ಊರಿಗೆ ಬಂದು ಕೆಟ್ಟ' ಎಂದು ಜನ ಆಡಿಕೊಳ್ಳುವುದು ಇದೇ ಕಾರಣಕ್ಕೆ.

ಇಲ್ಲಿ ಎರಡು ಎಚ್ಚರಿಕೆ. ಸೈನ್ಯದಿಂದ ಬಂದವರಿಗೆಲ್ಲ ಈ ಕಾಯಿಲೆ ಇರುತ್ತದೆಂದು ತಿಳಿಯಬೇಡಿ. ಹೆಚ್ಚಿನವರು ಆರೋಗ್ಯವಾಗಿ, ಶಿಸ್ತಾಗಿ ಬಾಳುತ್ತಾರೆ. ಇನ್ನು, ಸಿಟ್ಟು, ನಿದ್ದೆಗೇಡುಗಳೆಲ್ಲ ಮನಸ್ಸಿನವೇ ಎಂದೂ ತೀರ್ಮಾನಿಸಬೇಡಿ. ಥೈರಾಯಿಡ್ ದೋಷ, ಸಕ್ಕರೆ ಕಾಯಿಲೆ, ಹಿಂದೆಂದೋ ತಲೆಗೆ ಬಿದ್ದ ಪೆಟ್ಟು ಇವನ್ನೂ ನೋಡಬೇಕು. ಗುಂಡು, ಸ್ಫೋಟದ ಸದ್ದಿನಿಂದ ಕಿವಿ ಮಂದವಾದವರು ಮನೆಯವರ ಮಾತು ಕೇಳಿಸದೆ ಸಿಡಿಮಿಡಿಗೊಳ್ಳುವುದುಂಟು. ಅಂಥವರಿಗೆ ಬೇಕಾದದ್ದು ಕಿವಿಯ ಪರೀಕ್ಷೆ.

ಗುಂಡಿನಿಂದ ಮಾತ್ರ ಗಾಯವಲ್ಲ

ಯುದ್ಧ ನಡೆಯದಿದ್ದಾಗ ಸೈನಿಕನಿಗೆ ಏನು ಕಷ್ಟ ಎಂದು ಕೇಳುವವರಿದ್ದಾರೆ. 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಸಿಯಾಚಿನ್ ಹಿಮನದಿಯನ್ನು ಕಾಯುತ್ತಿದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ, ಪ್ರಾಣವಾಯುವಿನ ಕೊರತೆಗೆ ಬಲಿಯಾದವರೇ ಹೆಚ್ಚು. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ಕನ್ನಡನಾಡಿನವರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಹಿಮದಡಿಯಿಂದ ಜೀವಂತ ಸಿಕ್ಕರು. ಇಡೀ ನಾಡು ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಆ ದಿನಗಳಲ್ಲಿ ನಾವೆಲ್ಲ ಹನುಮಂತಪ್ಪನವರಿಗಾಗಿ ಕಣ್ಣೀರಿಟ್ಟೆವು, ಅದು ಸರಿಯೇ. ಆದರೆ ಆ ಚಳಿಯಲ್ಲಿ ದಿನಗಟ್ಟಲೆ ಹಿಮ ಅಗೆದು ತಮ್ಮವರ ಶವಗಳನ್ನು ಒಂದೊಂದಾಗಿ ತೆಗೆದವರೂ ಮನುಷ್ಯರೇ. ಅವರೂ ರಜೆಗೆ ಊರಿಗೆ ಬಂದಿರುತ್ತಾರೆ, ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಹೀಗೆ ಸಾವನ್ನು ಹತ್ತಿರದಿಂದ ಕಂಡವರಿಗೆ, ಶವ ಎತ್ತಿದವರಿಗೆ, ಪ್ರವಾಹದಲ್ಲಿ ರಕ್ಷಣೆಗೆ ಇಳಿದವರಿಗೆ, ವೈರಿಯ ಗುಂಡು ಎಂದೂ ತಗುಲದಿದ್ದರೂ ಮನಸ್ಸಿಗೆ ಗಾಯವಾಗಬಹುದು.

ನಮ್ಮ ಹವಾಲ್ದಾರರ ಕಥೆಯೂ ಇಂಥದೇ. ಕಾಶ್ಮೀರದಲ್ಲಿದ್ದಾಗ ಅವರ ಮುಂದಿನ ವಾಹನ ಸ್ಫೋಟಕ್ಕೆ ಸಿಕ್ಕಿತು. ಅದರಲ್ಲಿ ಅವರ ಆಪ್ತ ಗೆಳೆಯನಿದ್ದ. ಆತನ ಟ್ರಂಕನ್ನು ತೆರೆದು ಒಳಗಿನ ಸಾಮಾನುಗಳ ಪಟ್ಟಿ ಬರೆಯುವ ಕೆಲಸ ಇವರ ಪಾಲಿಗೆ ಬಂತು. ಅಂಗಿ ಎರಡು, ಸ್ವೆಟರ್ ಒಂದು, ಕ್ಷೌರದ ಸಾಮಾನು, ಮಗಳಿಗೆಂದು ಕೊಂಡಿಟ್ಟ ಬಳೆಯ ಡಬ್ಬಿ. "ಆ ಲಿಸ್ಟ್ ಈಗಲೂ ಬಾಯಿಪಾಠ ಅದಾರಿ" ಎಂದು ನನಗೆ ಹೇಳಿದರು. ಅದನ್ನು ಅವರು ಹೆಂಡತಿಗೆ ಹತ್ತು ವರ್ಷ ಹೇಳಿರಲಿಲ್ಲ. ಆಕೆ ಹೆದರಿಯಾಳೆಂದು ಹೇಳಿರಲಿಲ್ಲ. ಗಂಡ ತನ್ನನ್ನು ಕಂಡರೇ ಸಿಟ್ಟಾಗುತ್ತಾನೆಂದು ಆಕೆ ಹೆದರಿಕೊಂಡಿದ್ದಳು.

ನಿವೃತ್ತಿಯೆಂಬ ಇನ್ನೊಂದು ಏಟು

ಶಿಕ್ಷಕರು, ಗುಮಾಸ್ತರು ಅರವತ್ತಕ್ಕೆ ನಿವೃತ್ತರಾದರೆ ಜವಾನರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ. ಇಪ್ಪತ್ತು ವರ್ಷ ಸೀಟಿಗೆ ಎದ್ದು, ಸೀಟಿಗೆ ಉಂಡು, ಸೀಟಿಗೆ ಮಲಗಿದವರಿಗೆ ಒಮ್ಮೆಲೇ ಸೀಟಿಯೇ ಇಲ್ಲದ ದಿನಗಳು ಬರುತ್ತವೆ. ಇತ್ತ ಮನೆಯಲ್ಲಿ ಅವರಿಲ್ಲದೆಯೇ ಎಲ್ಲ ನಡೆದುಕೊಂಡು ಹೋಗಿರುತ್ತದೆ. ಹೊಲದ ಲೆಕ್ಕ ತಮ್ಮನ ಕೈಯಲ್ಲಿ, ಮಕ್ಕಳ ಶಾಲೆ ಹೆಂಡತಿಯ ಕೈಯಲ್ಲಿ. ರಜೆಗೆ ಬರುತ್ತಿದ್ದ ನೆಂಟನಂತಹ ಅಪ್ಪ ದಿನವೂ ಮನೆಯಲ್ಲಿದ್ದು ಅಪ್ಪಣೆ ಕೊಡತೊಡಗಿದರೆ ಮಕ್ಕಳಿಗೂ ಕಷ್ಟ. ಪಿಂಚಣಿಯ ದುಡ್ಡಿನ ಮೇಲೆ ಅಣ್ಣತಮ್ಮಂದಿರ ಕಣ್ಣು, ಹೊಲದ ತಕರಾರು, ಬ್ಯಾಂಕಿನ ಕಾವಲಿನ ಕೆಲಸ. ಊರಿಗೆ ಬಂದು ಆರಾಮಾಗಿರುತ್ತಾನೆ ಎಂದು ನಾವು ತಿಳಿದವನೊಳಗೆ ಖಿನ್ನತೆ ಬೆಳೆಯುತ್ತಿರುತ್ತದೆ.

2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇರಿದ ಹುಡುಗರಲ್ಲಿ ನಾಲ್ಕು ವರ್ಷದ ನಂತರ ನೂರಕ್ಕೆ 25ರಷ್ಟು ಜನರನ್ನು ಸೈನ್ಯದಲ್ಲಿ ಉಳಿಸಿಕೊಳ್ಳುವುದೆಂದು ಹೇಳಲಾಗಿತ್ತು. ಇಪ್ಪತ್ತೆರಡು ಇಪ್ಪತ್ತೈದರ ವಯಸ್ಸಿನಲ್ಲಿ ಮರಳುವ ಮಕ್ಕಳನ್ನು 'ಅಲ್ಲಿಂದ ಕಳಿಸಿಬಿಟ್ಟರಾ?' ಎಂದು ಚುಚ್ಚದಿರುವ ಹೊಣೆ ಊರಿನವರ ಮೇಲಿದೆ.

ಗಾಳಿಯಲ್ಲ, ಕುಡಿತವೂ ಮದ್ದಲ್ಲ

ನಮ್ಮ ಕಡೆ ಇಂಥದನ್ನು ಕಂಡರೆ 'ಗಾಳಿ ಬಡಿದದೆ, ಯಾರೋ ಮಾಡಿಸ್ಯಾರ' ಎನ್ನುತ್ತಾರೆ. ದೇವರಿಗೆ ಹೋಗಿ ಬರುವುದರಿಂದ ಮನಸ್ಸಿಗೆ ಸಮಾಧಾನವಾದರೆ ನಾನು ಬೇಡವೆನ್ನುವುದಿಲ್ಲ. ತಿಂಥಣಿ ಮೌನೇಶ್ವರನಿಗೆ ಕೈಮುಗಿದು ಬನ್ನಿ, ಆದರೆ ಬರುವ ದಾರಿಯಲ್ಲೇ ದವಾಖಾನೆಗೂ ಬನ್ನಿ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಕೂಡದು. ಮನಸ್ಸಿನ ಗಾಯದ ಮೇಲೆ ಮತ್ತೊಂದು ಗಾಯ ಮಾಡಿದಂತಾಗುತ್ತದೆ.

ಇನ್ನು ಕುಡಿತ. ಮಿಲ್ಟ್ರಿ ಕ್ಯಾಂಟೀನಿನ ರಮ್ ಎಂದರೆ ಔಷಧಿ ಎಂಬಂತೆ ಮಾತಾಡುವವರಿದ್ದಾರೆ. ಕುಡಿದರೆ ಬೇಗ ಜೊಂಪು ಹತ್ತುವುದೇನೋ ನಿಜ. ಆದರೆ ನಡುರಾತ್ರಿ ನಶೆ ಇಳಿದಾಗ ನಿದ್ದೆ ಹರಿಯುತ್ತದೆ, ಕನಸುಗಳು ಹೆಚ್ಚುತ್ತವೆ, ಬೆಳಗಿನ ಖಿನ್ನತೆ ಇಮ್ಮಡಿಯಾಗುತ್ತದೆ. ಅಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳದೂ ಇದೇ ಕಥೆ. ಅವು ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಚಟವನ್ನು ಮಾತ್ರ ಹಚ್ಚುತ್ತವೆ. ಎರಡನ್ನೂ ಕೂಡಿಸಿ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಒಂದು ಮುಖ್ಯ ಮಾತು: ದಿನವೂ ಹೆಚ್ಚು ಕುಡಿಯುವವರಿಗೆ ಮನೆಯವರು ಆಣೆ ಹಾಕಿಸಿ ಒಮ್ಮೆಲೇ ಬಿಡಿಸಬಾರದು. ಬಿಟ್ಟ ಮೊದಲ ಮೂರು ನಾಲ್ಕು ದಿನಗಳಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಬಡಬಡಿಸುವುದು ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡಿಸಬೇಕು. ತಿಂಗಳುಗಟ್ಟಲೆ ನುಂಗಿದ ನಿದ್ದೆ ಮಾತ್ರೆಯನ್ನೂ ಹಾಗೆಯೇ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಚಿಕಿತ್ಸೆ ಇದೆ

ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮೊದಲನೆಯದು ಮಾತಿನ ಚಿಕಿತ್ಸೆ. ತರಬೇತಾದ ಮನೋವಿಜ್ಞಾನಿಗಳು ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಕೂಡಿಸಿಕೊಂಡು, ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ, ಧೈರ್ಯ ಕೊಡುತ್ತ ಹೊರತರುತ್ತಾರೆ. ಮುಚ್ಚಿಟ್ಟ ಕುರುವನ್ನು ಒಡೆದು ಸ್ವಚ್ಛ ಮಾಡಿದ ಹಾಗೆ. ನೆನಪು ಅಳಿಯುವುದಿಲ್ಲ. ಆದರೆ ಅದು 'ಈಗ ಆಗುತ್ತಿದೆ' ಎನ್ನುವುದು ಹೋಗಿ 'ಆಗ ಆಗಿತ್ತು' ಎನ್ನುವಂತಾಗುತ್ತದೆ. ಎರಡನೆಯದು ಔಷಧಿ. ಸರ್ಟ್ರಲೀನ್, ಪೆರಾಕ್ಸೆಟೀನ್‌ನಂಥ ಮಾತ್ರೆಗಳನ್ನು ಮನೋವೈದ್ಯರು ಕೊಡುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಗುಣ ಕಾಣಲು ಕೆಲವು ವಾರ ಬೇಕು. 'ಎಂಟು ದಿನ ನುಂಗಿದೆ, ಏನೂ ಆಗಲಿಲ್ಲ' ಎಂದು ಬಿಡಬಾರದು. ಗುಣವಾಯಿತೆಂದು ತಾವಾಗಿ ನಿಲ್ಲಿಸಲೂಬಾರದು.

ಎಲ್ಲಿಗೆ ಹೋಗಬೇಕು? ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಿಲ್ಲ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮನೋರೋಗ ಗುರುತಿಸುವ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಕ್ಕೂ ಹೆಚ್ಚಿನದು ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ ಮತ್ತು ಅವರ ಅವಲಂಬಿತರಿಗೆ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯಿದೆ. ಅದರ ಕಾರ್ಡು ಮನೋರೋಗದ ಚಿಕಿತ್ಸೆಗೂ ನಡೆಯುತ್ತದೆ. ಕಾರ್ಡು ಮಾಡಿಸಿಲ್ಲದವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪತ್ರ, ಸೇವೆಯಲ್ಲಿದ್ದಾಗಿನ ಆಸ್ಪತ್ರೆಯ ಕಾಗದಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ಸೇವೆಯ ಕಾರಣದಿಂದ ಬಂದ ಕಾಯಿಲೆಯೆಂದು ತೋರಿಸಬೇಕಾದಾಗ ಅವೇ ಸಾಕ್ಷಿ.

ಮುಖ ತೋರಿಸಲು ಸಂಕೋಚಪಡುವವರು ಫೋನಿನಲ್ಲಾದರೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸೇನಾಪಡೆಯವರಿಗಾಗಿಯೇ ಇದರ ಒಂದು ಪ್ರತ್ಯೇಕ ಘಟಕವನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಯಿತು.

ಈಗಲೂ ಸೇವೆಯಲ್ಲಿರುವವರ ಅಂಜಿಕೆ ಬೇರೆ. ಸೈನ್ಯದ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣು, ಕಿವಿ, ಕೈಕಾಲುಗಳ ಜೊತೆಗೆ ಮನಸ್ಸಿಗೂ ಒಂದು ದರ್ಜೆ ಕೊಡುತ್ತಾರೆ. 'ಹೇಳಿಕೊಂಡರೆ ಕೆಟಗರಿ ಇಳಿಸುತ್ತಾರೆ, ಬಡ್ತಿ ಹೋಗುತ್ತದೆ' ಎಂದು ಬಚ್ಚಿಡುತ್ತಾರೆ. ಈ ಅಂಜಿಕೆ ಬರಿಯ ಭ್ರಮೆಯೆಂದು ನಾನು ಹೇಳಲಾರೆ. ಆದರೆ ಬೇಗ ಹೇಳಿಕೊಂಡ ಕಾಯಿಲೆ ಬೇಗ ವಾಸಿಯಾಗುತ್ತದೆ. ಬಚ್ಚಿಟ್ಟದ್ದು ಬಡ್ತಿಯ ಜೊತೆಗೆ ಸಂಸಾರವನ್ನೂ ನುಂಗುತ್ತದೆ.

ಮನೆಯವರು ಏನು ಮಾಡಬೇಕು?

'ಅಲ್ಲಿ ಎಷ್ಟು ಜನರನ್ನು ಕೊಂದೆ?' ಎಂದು ಯಾರೂ ಕೇಳಬಾರದು. ಮಕ್ಕಳಿಗೂ ನೆಂಟರಿಗೂ ಇದನ್ನು ತಿಳಿಸಿ ಹೇಳಿ.

ಮಾತಾಡು ಎಂದು ಒತ್ತಾಯಿಸಬೇಡಿ. 'ನಾನಿದ್ದೀನಿ, ಹೇಳಬೇಕು ಅನಿಸಿದಾಗ ಹೇಳ್ರಿ' ಎಂದರೆ ಸಾಕು. ಹೇಳತೊಡಗಿದಾಗ ನಡುವೆ ಬಾಯಿ ಹಾಕದೆ ಕೇಳಿ.

ಕನಸಿನಲ್ಲಿ ಒದ್ದಾಡುವವರನ್ನು ಮೈಮುಟ್ಟಿ ಅಲ್ಲಾಡಿಸಿ ಎಬ್ಬಿಸಬೇಡಿ. ಸ್ವಲ್ಪ ದೂರ ನಿಂತು, ದೀಪ ಹಚ್ಚಿ, ಹೆಸರು ಹಿಡಿದೋ ನೀವು ಕರೆಯುವ ರೀತಿಯಲ್ಲೋ ಕರೆಯಿರಿ. 'ಇದು ನಮ್ಮ ಮನೆ' ಎಂದು ತಿಳಿಸಿ.

ದಿನಕ್ಕೊಂದು ಕ್ರಮ ಬರಲಿ. ಹೊತ್ತಿಗೆ ಸರಿಯಾಗಿ ಊಟ, ಬೆಳಗಿನ ನಡಿಗೆ, ಹೊಲದ ಒಂದು ಕೆಲಸ, ಊರಿನ ಹುಡುಗರಿಗೆ ಓಟ ಕಲಿಸುವ ಒಂದು ಹೊಣೆ. ಸಂಜೆಯ ಮೇಲೆ ಚಹಾ ಕಡಿಮೆಯಿರಲಿ.

ಹೆಂಡತಿ ಮಕ್ಕಳೂ ದಣಿದಿರುತ್ತಾರೆ. ಗಂಡನ ಸಿಟ್ಟು ಕಾಯಿಲೆಯಿಂದ ಬಂದದ್ದೆಂದು ತಿಳಿಯುವುದು ಬೇರೆ, ಏಟು ಸಹಿಸುವುದು ಬೇರೆ. ಕೈ ಮಾಡಿದರೆ ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ಸಹಾಯ ಕೇಳಿ. ತಡೆಯಲಾಗದಿದ್ದರೆ 112ಕ್ಕೆ ಕರೆ ಮಾಡಿ.

ಕೇಳಲು ಅಂಜಬೇಡಿ

'ನಾನಿದ್ದು ಏನು ಪ್ರಯೋಜನ', 'ನನ್ನ ಪಿಂಚಣಿ ನಿಮಗೆ ಬಂದರೆ ಸಾಕು' ಎಂಬಂಥ ಮಾತು ಬಂದರೆ, ಒಮ್ಮೆಲೇ ಲೆಕ್ಕಪತ್ರ ಒಪ್ಪಿಸತೊಡಗಿದರೆ, ಹಗುರಾಗಿ ತಿಳಿಯಬೇಡಿ. 'ಸಾಯಬೇಕು ಅಂತ ಅನಿಸ್ತದೇನು?' ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಎದೆಯ ಭಾರ ಇಳಿದವರೇ ಹೆಚ್ಚು.

ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಕಾವಲು ಕೆಲಸಕ್ಕೆಂದು ಬಂದೂಕಿನ ಲೈಸೆನ್ಸ್ ಇದ್ದರೆ, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸುವುದಿಲ್ಲವೇ, ಹಾಗೆಯೇ ಗುಣವಾಗುವತನಕ ಅದನ್ನು ಮನೆಯಿಂದ ಹೊರಗಿಡಿ. ಹತ್ತಿ, ಭತ್ತಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಬೀಗದೊಳಗಿಟ್ಟು, ಬೀಗದಕೈ ಬೇರೆಯವರ ಕೈಯಲ್ಲಿರಲಿ. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಏನಾದರೂ ಸೇವಿಸಿಬಿಟ್ಟಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಾಗುತ್ತದೆಂದು ಅಂಜಿ ಬಚ್ಚಿಡಬೇಡಿ. ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಹೇಳುತ್ತದೆ.

ಮತ್ತೆ ದೀಪಾವಳಿ

ಬಲಿಪಾಡ್ಯಮಿಯ ಆ ಸಂಜೆ ನಾನು ಹವಾಲ್ದಾರರ ಮನೆಗೆ ಹೋದೆ. ಮಾಳಿಗೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು, ಒಂದೂವರೆ ವರ್ಷ ತಡವಾಗಿ ಆ ಪ್ರಶ್ನೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹುಡುಗನ ಕೈ ಹ್ಯಾಂಗದರಿ?" ಎಂದರು. ಆಮೇಲೆ ಟ್ರಂಕಿನ ಪಟ್ಟಿಯನ್ನು ಹೇಳಿದರು.

ಮರುವಾರ ಯಾದಗಿರಿಗೆ ಕಳಿಸಿದೆ. ಮೊದಲ ಸಲ ಬಸ್ ನಿಲ್ದಾಣದಿಂದಲೇ ತಿರುಗಿ ಬಂದರು. ಎರಡನೆಯ ಸಲ ಹೆಂಡತಿ ಜೊತೆಗೆ ಹೋದರು. ನಿದ್ದೆ ಮಾತ್ರೆಯನ್ನು ಮೂರು ತಿಂಗಳಲ್ಲಿ ಇಳಿಸಿ ಬಿಡಿಸಿದೆವು. ನಡುವೆ ಒಮ್ಮೆ ಎಲ್ಲ ನಿಲ್ಲಿಸಿ ಮತ್ತೆ ಕುಡಿತಕ್ಕೆ ಬಿದ್ದರು. ಮತ್ತೆ ಶುರು ಮಾಡಿದೆವು. ಪೂರ್ತಿ ಗುಣವಾಗಿದ್ದಾರೆಂದು ಹೇಳಲಾರೆ. ವಾರಕ್ಕೆ ಐದು ರಾತ್ರಿ ನಿದ್ದೆ ಮಾಡುತ್ತಾರೆ.

ಕಳೆದ ದೀಪಾವಳಿಗೆ ಅವರ ಮಗ ಒಂದು ಉಪಾಯ ಮಾಡಿದ. ಓಣಿಯ ಗೆಳೆಯರನ್ನೆಲ್ಲ ಕೂಡಿಸಿ, "ದೊಡ್ಡ ಪಟಾಕಿ ಊರ ಹೊರಗ ಹಚ್ಚೋಣು, ಹಚ್ಚೋಕಿಂತ ಮೊದಲು ನಮ್ಮಪ್ಪಗ ಹೇಳೋಣು" ಎಂದು ಒಪ್ಪಿಸಿದ. ಹೇಳಿ ಹಚ್ಚಿದ ಪಟಾಕಿಗೆ ಅವರು ಅಷ್ಟು ಬೆಚ್ಚುವುದಿಲ್ಲ. ಆ ರಾತ್ರಿ ಅವರು ಮಾಳಿಗೆ ಹತ್ತಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಮಗನ ಪಕ್ಕದಲ್ಲಿ ಕುಳಿತಿದ್ದರು.

ಓದುಗರೇ, ನಿಮ್ಮ ಓಣಿಯಲ್ಲೂ ಇಂಥವರೊಬ್ಬರು 'ಯಾರ ಜೊತೆಗೂ ಬೆರೆಯುವುದಿಲ್ಲ, ಬಹಳ ಸಿಟ್ಟಿನವರು' ಎಂದು ಹೆಸರಾಗಿರಬಹುದು. ಅವರಿಗೆ ಆಗಸ್ಟ್ 15ರಂದು ಶಾಲು ಹೊದಿಸಿದರೆ ಸಾಲದು. ಉಳಿದ ದಿನಗಳಲ್ಲಿ ಹೋಗಿ, "ರಾತ್ರಿ ನಿದ್ದಿ ಬರ್ತದೇನ್ರಿ?" ಎಂದು ಕೇಳಿ. ನಾನು ಕೇಳಲು ತಡಮಾಡಿದೆ. ನೀವು ತಡಮಾಡಬೇಡಿ.